ಹಳೇ ರಾಬಿನ್ ಹುಡ್ ಸಿನಿಮಾವನ್ನು ಚೀಟಿ ಎತ್ತಿ ನೋಡುವುದು ಹೇಗೆ

ಮೈಸೂರಿನಲ್ಲಿ ನಾವು ಒಂದಷ್ಟು ಜನ ಆಗಾಗ ಭಾನುವಾರ ಸಂಜೆ ಯಾರದಾದರೂ ಮನೆ ತಾರಸಿ ಮೇಲೆ ಸೇರಿ ಹಳೇ ಸಿನಿಮಾ ನೋಡುತ್ತೇವೆ. ಒಂದು ಸಲ ಕುವೆಂಪುನಗರ, ಇನ್ನೊಂದು ಸಲ ಸರಸ್ವತಿಪುರಂ. ಮಂಡ್ಯದಿಂದ ರೈಲು ಹತ್ತಿ ಬರುವವರೂ ಇದ್ದಾರೆ. ಮೊದಮೊದಲು ಸಿನಿಮಾ ಮುಗಿದ ಮೇಲೆ ಮಾತು ಎರಡೇ ನಿಮಿಷ. ಹೀರೋ ಚೆನ್ನಾಗಿದ್ದಾನೆ, ಫೈಟಿಂಗ್ ಸೂಪರ್, ಅಷ್ಟೇ. ಆಮೇಲೆ ಎಲ್ಲರೂ ಚಪ್ಪಲಿ ಹುಡುಕುತ್ತಿದ್ದರು. ಈಗ ಹಾಗಿಲ್ಲ, ಮಾತು ಮುಗಿಸಿ ಮನೆಗೆ ಕಳಿಸುವುದೇ ಕಷ್ಟ. ಬದಲಾಗಿದ್ದು ಒಂದೇ, ಚೀಟಿ.

ವಿಧಾನ ಸುಲಭ. ಸಿನಿಮಾದಲ್ಲಿ ಕೆಲಸ ಮಾಡಿದ ಒಬ್ಬೊಬ್ಬರ ಹೆಸರನ್ನೂ ಅವರ ಕೆಲಸವನ್ನೂ ಒಂದೊಂದು ಚೀಟಿಯಲ್ಲಿ ಬರೆದು ಡಬ್ಬದಲ್ಲಿ ಹಾಕಿ. ಬಂದವರ ಕೈಲಿ ಎತ್ತಿಸಿ. ಯಾರಿಗೆ ಯಾವ ಚೀಟಿ ಬಂತೋ ಅವರು ಇಡೀ ಸಿನಿಮಾ ಆ ಒಬ್ಬರ ಕೆಲಸದ ಮೇಲೆ ಕಣ್ಣಿಡಬೇಕು. ಕಥೆ ಹೇಗೂ ಅರ್ಥವಾಗುತ್ತೆ, ಅದರ ಚಿಂತೆ ಬೇಡ. ಮುಗಿದ ಮೇಲೆ ಒಬ್ಬೊಬ್ಬರೂ ತಮ್ಮ ಚೀಟಿಯವನು ಎಲ್ಲಿ ಗೆದ್ದ, ಎಲ್ಲಿ ಸೋತ ಅಂತ ಹೇಳಬೇಕು. ಅಷ್ಟೇ ನಿಯಮ.

ಶುರು ಮಾಡುವುದಕ್ಕೆ ನಾನು ಯಾವಾಗಲೂ ಹೇಳುವುದು 1938ರ ರಾಬಿನ್ ಹುಡ್. ಎರಾಲ್ ಫ್ಲಿನ್ ಹಸಿರು ಬಟ್ಟೆ ಹಾಕಿಕೊಂಡು ಸೊಂಟದ ಮೇಲೆ ಕೈ ಇಟ್ಟು ನಗುತ್ತಾನಲ್ಲ, ಅದು. ಈ ಸಿನಿಮಾದಲ್ಲಿ ಒಬ್ಬೊಬ್ಬರ ಕೆಲಸವೂ ಬೇರೆ ಬೇರೆಯಾಗಿ ಎದ್ದು ಕಾಣುತ್ತದೆ. ಹೊಸಬರಿಗೂ ಸಿಗುತ್ತದೆ. ಹುಡುಕುವಾಗ ಇಸವಿ ನೋಡಿ ತೆಗೆದುಕೊಳ್ಳಿ, ಯಾಕಂದರೆ ಇದೇ ಕಥೆಯ ಸಿನಿಮಾಗಳು ಬೇಕಾದಷ್ಟಿವೆ. 1922ರ ಮೂಕಿ ಚಿತ್ರ ಒಂದು, 1973ರ ಡಿಸ್ನಿ ಕಾರ್ಟೂನ್ ಒಂದು, 1991ರಲ್ಲಿ ಕೆವಿನ್ ಕಾಸ್ಟ್ನರ್ ಮಾಡಿದ್ದು ಇನ್ನೊಂದು.

ಮೊದಲು ಟಿವಿ ಸರಿಮಾಡಿ

ಇದು ಬೋರ್ ಅನಿಸಿದರೂ ಬಿಡಬೇಡಿ. ಆ ಕಾಲದ ಚಿತ್ರ ಹೆಚ್ಚುಕಮ್ಮಿ ಚೌಕ. ಈಗಿನ ಟಿವಿಯಲ್ಲಿ ಎಡಕ್ಕೂ ಬಲಕ್ಕೂ ಕಪ್ಪು ಪಟ್ಟಿ ಬಂದೇ ಬರುತ್ತದೆ. ಅದನ್ನು ನೋಡಿ ಯಾರಾದರೂ ರಿಮೋಟ್ ತಗೊಂಡು ಪರದೆ ತುಂಬಾ ಎಳೆದರೆ ಎಲ್ಲರೂ ಕುಳ್ಳಗೆ, ದಪ್ಪಗೆ ಆಗುತ್ತಾರೆ. ಫ್ಲಿನ್ ಥರದ ಸಪೂರ ಮನುಷ್ಯನಿಗೆ ಇದು ಅನ್ಯಾಯ. ಹೊಸ ಟಿವಿಗಳಲ್ಲಿ ಚಲನೆಯನ್ನು ನುಣುಪು ಮಾಡುವ ಒಂದು ಸೆಟ್ಟಿಂಗ್ ಇರುತ್ತದೆ, ಅದನ್ನೂ ಆಫ್ ಮಾಡಿ, ಇಲ್ಲದಿದ್ದರೆ ಕತ್ತಿವರಸೆ ಸೀರಿಯಲ್ ಥರ ಕಾಣುತ್ತೆ. ಬಣ್ಣ ಜಾಸ್ತಿ ಮಾಡುವ ಮೋಡ್ ಅಂತೂ ಬೇಡವೇ ಬೇಡ. ಈ ಸಿನಿಮಾಕ್ಕೆ ಇರುವ ಬಣ್ಣವೇ ಸಾಕು.

ತಾರಸಿ ಮೇಲೆ ಪ್ರೊಜೆಕ್ಟರ್ ಇಡುವವರು ಪೂರ್ತಿ ಕತ್ತಲಾಗುವ ತನಕ ಕಾಯಿರಿ. ಸ್ಪೀಕರ್ ಬೇರೆ ಇರಲಿ. ಪ್ರೊಜೆಕ್ಟರ್ ಒಳಗಿನ ಸಣ್ಣ ಸ್ಪೀಕರಿನಲ್ಲಿ ಸಂಗೀತದ ಚೀಟಿ ಬಂದವರಿಗೆ ಏನೂ ಕೇಳಿಸಲ್ಲ. ಇಂಗ್ಲಿಷ್ ಸಬ್‌ಟೈಟಲ್ ಹಾಕಿ. ಹಿರಿಯರು ಬಂದಿದ್ದರೆ ಮೊದಲೇ ಐದು ನಿಮಿಷ ಕಥೆ ಹೇಳಿಬಿಡಿ. ಇಂಗ್ಲೆಂಡಿನ ರಾಜ ರಿಚರ್ಡ್ ಧರ್ಮಯುದ್ಧಕ್ಕೆ ಹೋದವನು ವಾಪಸ್ ಬರುವಾಗ ಆಸ್ಟ್ರಿಯಾದಲ್ಲಿ ಸೆರೆ ಸಿಕ್ಕ. ಇಲ್ಲಿ ತಮ್ಮ ಜಾನ್ ಬಿಡುಗಡೆ ಹಣ ಕೂಡಿಸುವ ನೆಪದಲ್ಲಿ ಸ್ಯಾಕ್ಸನ್ ಜನರನ್ನು ಸುಲಿಯುತ್ತಿದ್ದಾನೆ. ರಾಬಿನ್ ಅವನಿಗೆ ಎದುರು ಬಿದ್ದು ಕಾಡು ಸೇರುತ್ತಾನೆ. ಸಾಕು. ಇತಿಹಾಸ ಓದಿದವರು ಯಾರಾದರೂ ಸಿನಿಮಾ ಶುರುವಾಗುವಾಗ 1191 ಅಂತ ನೋಡಿ, ರಿಚರ್ಡ್ ಸಿಕ್ಕಿಬಿದ್ದದ್ದು 1192ರ ಕೊನೆಗಲ್ಲವಾ ಅಂತ ತೆಗೆಯುತ್ತಾರೆ. ಹೌದು ಸಾರ್, ಕುತ್ಕೊಳ್ಳಿ ಅನ್ನಿ.

ಸಿನಿಮಾ 102 ನಿಮಿಷ. ನಡುವೆ ಚುರುಮುರಿಗೆ ಒಂದು ಬ್ರೇಕ್ ಕೊಟ್ಟರೂ ಎರಡು ಗಂಟೆಯಲ್ಲಿ ಆಗುತ್ತದೆ. ಬ್ರೇಕ್ ಎಲ್ಲಿ ಕೊಡಬೇಕು ಅಂದರೆ ಬಿಲ್ಲುಗಾರಿಕೆ ಸ್ಪರ್ಧೆ ಶುರುವಾಗುವ ಮುಂಚೆ. ಅದರ ನಂತರ ನಿಲ್ಲಿಸಿದರೆ ಬೈಸಿಕೊಳ್ಳುತ್ತೀರಿ.

ಟೈಟಲ್ ಕಾರ್ಡ್ ಓಡಿಸಬೇಡಿ

ಆ ಕಾಲದಲ್ಲಿ ಹೆಸರುಗಳೆಲ್ಲಾ ಶುರುವಿನಲ್ಲೇ ಬರುತ್ತಿದ್ದವು. ಈಗಿನ ಹಾಗೆ ಕೊನೆಯಲ್ಲಿ ಹತ್ತು ನಿಮಿಷ ಓಡುವ ಪಟ್ಟಿ ಅಲ್ಲ, ಕೆಲವೇ ಕಾರ್ಡು. ಒಂದೊಂದರಲ್ಲೂ ನಿಲ್ಲಿಸಿ, ಗಟ್ಟಿಯಾಗಿ ಓದಿ, ಚೀಟಿ ಬಂದವರು ಕೈ ಎತ್ತಲಿ. ಒಂದು ಎಚ್ಚರಿಕೆ, ಕಾರ್ಡಿನಲ್ಲಿ ಹೆಸರಿಲ್ಲದೆ ದುಡಿದವರು ಆಗ ತುಂಬಾ ಜನ. ಸ್ಟಂಟಿನವರು, ಸೆಟ್ ಕಟ್ಟಿದ ಬಡಗಿಗಳು, ಕುದುರೆ ನೋಡಿಕೊಂಡವರು. ಅವರಿಗೂ ಚೀಟಿ ಬರೆಯಿರಿ, ಹೆಸರಿಲ್ಲದಿದ್ದರೆ ಬರೀ ಕೆಲಸ ಬರೆದರೂ ಸಾಕು.

ಡೈರೆಕ್ಟರ್ ಕಾರ್ಡಿನಲ್ಲಿ ಎರಡು ಹೆಸರು ಕಾಣುತ್ತೆ, ಮೈಕೆಲ್ ಕರ್ಟಿಜ್ ಮತ್ತು ವಿಲಿಯಂ ಕೀಲಿ. ಇವರು ಜೋಡಿಯಾಗಿ ಮಾಡಿದ್ದಲ್ಲ. 1937ರ ಸೆಪ್ಟೆಂಬರಿನಲ್ಲಿ ಶೂಟಿಂಗ್ ಶುರು ಮಾಡಿದ್ದು ಕೀಲಿ. ಕ್ಯಾಲಿಫೋರ್ನಿಯಾದ ಚಿಕೋ ಊರಿನ ಬಿಡ್ವೆಲ್ ಪಾರ್ಕಿಗೆ ಯೂನಿಟ್ ಕರೆದುಕೊಂಡು ಹೋಗಿ ಅಲ್ಲಿನ ಓಕ್ ಮರಗಳನ್ನೇ ಕಥೆಯ ಶೆರ್ವುಡ್ ಕಾಡು ಮಾಡಿದ. ಕೆಲಸ ನಿಧಾನವಾಯಿತು, ಖರ್ಚು ಏರಿತು, ಹೊಡೆದಾಟಕ್ಕೆ ಖಾರ ಸಾಲದು ಅಂತ ನಿರ್ಮಾಪಕ ಹಾಲ್ ವಾಲಿಸ್‌ಗೆ ಅನಿಸಿತು. ಸ್ಟುಡಿಯೋ ಒಳಗಿನ ಭಾಗಕ್ಕೆ ಕರ್ಟಿಜ್‌ನನ್ನು ತಂದರು. ಕ್ಯಾಮೆರಾಮನ್ನೂ ಬದಲಾದ, ಟೋನಿ ಗಾಡಿಯೋ ಜಾಗಕ್ಕೆ ಸಾಲ್ ಪೊಲಿಟೊ ಬಂದ. ಹಾಗಾಗಿ ಕೀಲಿ ಚೀಟಿ ಬಂದವರು ಹೊಳೆ ಮೇಲಿನ ಮರದ ದಿಮ್ಮಿಯಲ್ಲಿ ರಾಬಿನ್ನೂ ಆಮೇಲೆ ಅವನ ಬಂಟನಾಗುವ ಲಿಟಲ್ ಜಾನೂ ದೊಣ್ಣೆ ಹಿಡಿದು ಆಡುವ ಜಗಳ ನೋಡಲಿ, ಕರ್ಟಿಜ್ ಚೀಟಿಯವರು ಕೋಟೆಯೊಳಗಿನ ದೃಶ್ಯ ನೋಡಲಿ. ಮೊದಲನೆಯದು ಆರಾಮ, ಪಿಕ್‌ನಿಕ್ ಥರ. ಒಬ್ಬ ಪಕ್ಕದಲ್ಲಿ ಕೂತು ವಾದ್ಯ ಬೇರೆ ನುಡಿಸುತ್ತಿರುತ್ತಾನೆ. ಎರಡನೆಯದರಲ್ಲಿ ಕ್ಯಾಮೆರಾ ಒಂದು ಕಡೆ ನಿಲ್ಲುವುದೇ ಇಲ್ಲ. ನನಗೆ ಕರ್ಟಿಜ್ ಭಾಗವೇ ಇಷ್ಟ, ಆದರೆ ಬರೀ ಅದೇ ಇದ್ದಿದ್ದರೆ ಉಸಿರು ಕಟ್ಟುತ್ತಿತ್ತು ಅನ್ನುವುದೂ ನಿಜ.

ಬಣ್ಣದ ಚೀಟಿ

ಬಣ್ಣ ನೋಡುವವರಿಗೆ ಸ್ವಲ್ಪ ಹಿನ್ನೆಲೆ ಹೇಳಬೇಕು. ಟೆಕ್ನಿಕಲರ್ ಅಂದರೆ ಆಗ ಬಣ್ಣದ ಸಿನಿಮಾ ತೆಗೆಯುತ್ತಿದ್ದ ಒಂದು ವಿಧಾನ, ಕಂಪನಿಯ ಹೆಸರೂ ಅದೇ. ಅದರ ಕ್ಯಾಮೆರಾ ಒಳಗೆ ಓಡುತ್ತಿದ್ದದ್ದು ಬಣ್ಣದ ರೀಲ್ ಅಲ್ಲ, ಮೂರು ಕಪ್ಪು-ಬಿಳುಪು ರೀಲು. ಒಳಗಿನ ಪಟ್ಟಕ ಬೆಳಕನ್ನು ಒಡೆದು ಕೆಂಪು, ಹಸಿರು, ನೀಲಿಯ ಲೆಕ್ಕವನ್ನು ಬೇರೆ ಬೇರೆ ರೀಲಿನಲ್ಲಿ ಬರೆಯುತ್ತಿತ್ತು. ಆಮೇಲೆ ಪ್ರಿಂಟ್ ಹಾಕುವಾಗ ಮೂರು ಬಣ್ಣದ ಡೈಯನ್ನು ಒಂದರ ಮೇಲೊಂದು ಒತ್ತುತ್ತಿದ್ದರು. ಬೆಳಕು ಹೀಗೆ ಹಂಚಿಹೋಗುವುದರಿಂದ ಸೆಟ್ಟಿನಲ್ಲಿ ವಿಪರೀತ ಲೈಟು ಬೇಕಿತ್ತು. ಉಣ್ಣೆ ಬಟ್ಟೆ, ಕವಚ ಹಾಕಿಕೊಂಡು ಆ ಶಾಖದಲ್ಲಿ ನಗುತ್ತಾ ನಿಂತವರನ್ನು ನೆನೆಸಿಕೊಳ್ಳಿ. ಲಾಭವೂ ಇತ್ತು. ನೆಗೆಟಿವ್ ಕಪ್ಪು-ಬಿಳುಪು ಆಗಿದ್ದರಿಂದ ಅದರಲ್ಲಿ ಮಾಸುವುದಕ್ಕೆ ಬಣ್ಣವೇ ಇಲ್ಲ. ನಂತರದ ದಶಕಗಳ ಎಷ್ಟೋ ಸಿನಿಮಾ ಕೆಂಪಗೆ ತಿರುಗಿ ಹಾಳಾಗಿರುವಾಗ 1938ರದ್ದು ಇವತ್ತಿಗೂ ಹೀಗೆ ಹೊಳೆಯುವುದಕ್ಕೆ ಕಾರಣ ಅದೇ.

ಟೈಟಲ್ ಕಾರ್ಡಿನಲ್ಲಿ ಬಣ್ಣದ ಸಲಹೆಗಾರ್ತಿ ಅಂತ ನಟಾಲಿ ಕಾಲ್ಮಸ್ ಹೆಸರಿದೆ. ಟೆಕ್ನಿಕಲರ್ ಕಂಪನಿ ಕಟ್ಟಿದ ಹರ್ಬರ್ಟ್ ಕಾಲ್ಮಸ್‌ನ ಮಾಜಿ ಹೆಂಡತಿ. ಟೆಕ್ನಿಕಲರ್ ಕ್ಯಾಮೆರಾ ಬಾಡಿಗೆಗೆ ತಗೊಂಡರೆ ಕಂಪನಿಯ ಕ್ಯಾಮೆರಾ ತಂತ್ರಜ್ಞನ ಜೊತೆ ಇವರ ಸಲಹೆಯನ್ನೂ ತಗೋಬೇಕಿತ್ತು. ಬಟ್ಟೆ ಮಾಡಿದ್ದು ಮೈಲೊ ಆಂಡರ್ಸನ್. ಇಬ್ಬರ ಚೀಟಿಯನ್ನೂ ಒಬ್ಬರಿಗೇ ಕೊಡಬಹುದು. ಸನ್ಯಾಸಿ ವೇಷದಲ್ಲಿ ಕಾಡಿಗೆ ಬಂದ ರಾಜ ರಿಚರ್ಡ್ ಮೇಲಿನ ನಿಲುವಂಗಿ ಬಿಚ್ಚಿ ಒಳಗಿನ ರಾಜ ಉಡುಪು ತೋರಿಸುವ ಕ್ಷಣ ಬರುತ್ತದೆ. ಅಲ್ಲಿ ಮಾತಿಗಿಂತ ಮೊದಲು ಬಣ್ಣವೇ ವಿಷಯ ಹೇಳಿಬಿಡುತ್ತದೆ.

ಇಲ್ಲೊಂದು ನಮ್ಮೂರಿನ ಮಾತು ಸೇರಿಸಲೇಬೇಕು. ಹೆಗ್ಗಡದೇವನಕೋಟೆ ಕಡೆಯ ಕಾರಾಪುರದಲ್ಲಿ 1924ರಲ್ಲಿ ಹುಟ್ಟಿದ ಮಾವುತರ ಮನೆಯ ಹುಡುಗ ಸಾಬು ಇದ್ದಾನಲ್ಲ, ಆನೆಯ ಹುಡುಗನ ಪಾತ್ರದಿಂದ 1937ರಲ್ಲಿ ಹೆಸರು ಮಾಡಿದವನು, ಅವನು 1938ರಲ್ಲಿ ಬ್ರಿಟನ್ನಿನ ಒಂದು ಸಾಹಸ ಚಿತ್ರದಲ್ಲಿ ಇದೇ ಟೆಕ್ನಿಕಲರಿನಲ್ಲಿ ಕಾಣಿಸಿಕೊಂಡ. ಫ್ಲಿನ್ ಹಾಲಿವುಡ್ಡಿನಲ್ಲಿ, ನಮ್ಮ ಕಬಿನಿ ಕಡೆಯ ಹುಡುಗ ಬ್ರಿಟನ್ನಿನ ಸಿನಿಮಾದಲ್ಲಿ, ಇಬ್ಬರೂ ಒಂದೇ ವರ್ಷ. ಇದನ್ನು ಹೇಳಿದರೆ ತಾರಸಿಯಲ್ಲಿ ತೂಕಡಿಸುತ್ತಿದ್ದವರೂ ಎದ್ದು ಕೂರುತ್ತಾರೆ.

ಕತ್ತಿ ಮತ್ತು ಬಾಣ

ಈ ಎರಡು ಚೀಟಿಗೆ ಯಾವಾಗಲೂ ನೂಕುನುಗ್ಗಲು. ಕತ್ತಿ ಚೀಟಿಯಲ್ಲಿ ಫ್ರೆಡ್ ಕೇವನ್ಸ್ ಅಂತ ಬರೆಯಿರಿ. ಬೆಲ್ಜಿಯಂನವನು, ಕತ್ತಿವರಸೆ ಕಲಿಸುವವನು, ನಮ್ಮ ಗರಡಿಮನೆಯ ಉಸ್ತಾದ್ ಇದ್ದ ಹಾಗೆ. ಫ್ಲಿನ್‌ಗೂ ಖಳ ಗಿಸ್ಬೋರ್ನ್ ಪಾತ್ರದ ಬೆಸಿಲ್ ರಾತ್‌ಬೋನ್‌ಗೂ ಪಟ್ಟು ಹೇಳಿಕೊಟ್ಟವನು ಇವನೇ. ತಮಾಷೆ ಏನು ಅಂದರೆ ಇಬ್ಬರಲ್ಲಿ ನಿಜವಾಗಿ ಕತ್ತಿ ಚೆನ್ನಾಗಿ ಬರುತ್ತಿದ್ದದ್ದು ರಾತ್‌ಬೋನ್‌ಗೆ. ಪಾಪ, ವಿಲನ್ ಆಗಿದ್ದಕ್ಕೆ ಪ್ರತಿ ಸಲವೂ ಸಾಯಬೇಕಿತ್ತು. 1935ರ ಕಡಲ್ಗಳ್ಳರ ಸಿನಿಮಾದಲ್ಲೂ ಇದೇ ಫ್ಲಿನ್ ಕೈಲಿ ಸತ್ತಿದ್ದ.

ಕೊನೆಯ ಕಾಳಗವನ್ನು ಎರಡು ಸಲ ಹಾಕಿ ತೋರಿಸಿ. ಮೊದಲ ಸಲ ಹಾಗೇ ನೋಡಲಿ. ಎರಡನೇ ಸಲ ಶಬ್ದ ಪೂರ್ತಿ ನಿಲ್ಲಿಸಿ, ಇಬ್ಬರ ಕಾಲು ಮಾತ್ರ ನೋಡಿ ಅಂತ ಹೇಳಿ. ದುಂಡಗಿನ ಕಲ್ಲಿನ ಮೆಟ್ಟಿಲು ಇಳಿಯುತ್ತಾ ಹೊಡೆದಾಡುತ್ತಾರೆ, ಒಬ್ಬ ಹಿಂದಕ್ಕೆ ಇಡುವ ಪ್ರತಿ ಹೆಜ್ಜೆಗೂ ಇನ್ನೊಬ್ಬನ ಹೆಜ್ಜೆ ಉತ್ತರ. ಆಮೇಲೆ ಇಬ್ಬರೂ ಚೌಕಟ್ಟಿನಿಂದ ಆಚೆ ಹೋಗುತ್ತಾರೆ, ಭಾರೀ ಕಂಬದ ಮೇಲೆ ಅವರ ನೆರಳು ಮಾತ್ರ ದೊಡ್ಡದಾಗಿ ಕಾದಾಡುತ್ತದೆ. ಈ ನೆರಳು ಕರ್ಟಿಜ್‌ನ ರುಜು. ಅವನ ಬೇರೆ ಸಿನಿಮಾಗಳಲ್ಲೂ ಗೋಡೆ ಮೇಲೆ ನೆರಳು ಹುಡುಕಿ, ಸಿಕ್ಕೇ ಸಿಗುತ್ತೆ. ಇಲ್ಲಿ ಡೈರೆಕ್ಟರ್ ಚೀಟಿಯವರೂ ಕತ್ತಿ ಚೀಟಿಯವರೂ ಕಲಾ ನಿರ್ದೇಶಕನ ಚೀಟಿಯವರೂ ಈ ದೃಶ್ಯ ನಮ್ಮದು ಅಂತ ಜಗಳ ತೆಗೆಯುತ್ತಾರೆ. ಆಡಲಿ ಬಿಡಿ. ಆ ಕಂಬ, ಮೆಟ್ಟಿಲು, ಕೋಟೆಯ ಹಜಾರ ಎಲ್ಲಾ ಕಾರ್ಲ್ ಜೂಲ್ಸ್ ವೇಲ್‌ನ ಸೆಟ್ಟು, ಅದಕ್ಕೆ ಆಸ್ಕರ್ ಬಂತು. ಇನ್ನೊಂದು ಆಸ್ಕರ್ ಸಂಕಲನಕಾರ ರಾಲ್ಫ್ ಡಾಸನ್‌ಗೆ. ಅವನ ಚೀಟಿ ಬಂದವರಿಗೆ ಕೆಲಸ ಸ್ವಲ್ಪ ಕಷ್ಟ. ಕಾಳಗದ ನಡುವೆ ಎಷ್ಟು ಸಲ ಕಟ್ ಆಗುತ್ತೆ ಅಂತ ಬೆರಳು ಮಡಚಿ ಎಣಿಸಲಿ, ಅಷ್ಟೇ.

ಬಾಣದ ಚೀಟಿ ಹೋವರ್ಡ್ ಹಿಲ್‌ಗೆ. ಅಮೆರಿಕದ ಹೆಸರಾಂತ ಬಿಲ್ಲುಗಾರ, ಸಿನಿಮಾದಲ್ಲಿ ಸಣ್ಣ ಪಾತ್ರವೂ ಇದೆ. ಕಾಡಿನಲ್ಲಿ, ಕೋಟೆಯಲ್ಲಿ ಸೈನಿಕರ ಎದೆಗೆ ಬಾಣ ನಾಟುವ ದೃಶ್ಯ ಬಂದಾಗಲೆಲ್ಲ ನಮ್ಮಲ್ಲಿ ಒಬ್ಬರು ಅತ್ತೆ ಕೇಳುವುದು ಒಂದೇ, ‘ಅಲ್ಲಪ್ಪಾ, ಅದು ನಿಜವಾದ ಬಾಣವಾ?’ ಹೌದು ಅತ್ತೆ, ನಿಜವಾದದ್ದೇ. ಸ್ಟಂಟಿನವರ ಬಟ್ಟೆ ಒಳಗೆ ಉಕ್ಕಿನ ತಗಡು, ಅದರ ಮೇಲೆ ಹಗುರವಾದ ಬಾಲ್ಸಾ ಮರದ ಹಲಗೆ. ಹಿಲ್ ದೂರದಲ್ಲಿ ನಿಂತು ಹೊಡೆಯುತ್ತಿದ್ದ, ಬಾಣ ಮರದಲ್ಲಿ ನಾಟಿ ತಗಡಿಗೆ ತಾಗಿ ನಿಲ್ಲುತ್ತಿತ್ತು. ಗುರಿ ನಾಲ್ಕು ಬೆರಳು ಆಚೆ ಹೋದರೆ ಮುಗೀತು. ಈಗ ಇದೆಲ್ಲಾ ಕಂಪ್ಯೂಟರ್ ಕೆಲಸ. ಇದನ್ನು ಹೇಳಿ ಆದ ಮೇಲೆ ಆ ದೃಶ್ಯ ಮತ್ತೆ ಹಾಕಿ ನೋಡಿ, ಮಕ್ಕಳು ಬಾಣ ಬಿಟ್ಟು ಬೀಳುವವನ ಮುಖ ನೋಡುತ್ತಾರೆ.

ಕಣ್ಣು ಮುಚ್ಚಿ ನೋಡುವ ಚೀಟಿ

ನನ್ನ ಕೇಳಿದರೆ ಈ ಸಿನಿಮಾದ ಅರ್ಧ ಜೀವ ಸಂಗೀತದಲ್ಲಿದೆ. ಎರಿಕ್ ವೂಲ್ಫ್‌ಗ್ಯಾಂಗ್ ಕಾರ್ನ್‌ಗೋಲ್ಡ್ ಅಂತ ಹೆಸರು. ವಿಯೆನ್ನಾದವನು, ಹುಡುಗನಾಗಿದ್ದಾಗಲೇ ದೊಡ್ಡ ಸಂಗೀತಗಾರ ಅನಿಸಿಕೊಂಡವನು, ಒಪೆರಾ ಬರೆಯುತ್ತಿದ್ದವನು. 1938ರ ಶುರುವಿನಲ್ಲಿ ವಿಯೆನ್ನಾದಲ್ಲಿದ್ದಾಗ ಹಾಲಿವುಡ್ಡಿನಿಂದ ಕರೆ ಬಂತು. ಬಂದ, ಸಿನಿಮಾ ನೋಡಿದ, ಇದರಲ್ಲಿ ಬರೀ ಹೊಡೆದಾಟ, ನನ್ನ ಕೈಲಿ ಆಗಲ್ಲ ಅಂತ ಕಾಗದ ಬರೆದು ಕೈ ತೊಳೆದುಕೊಂಡ. ಸ್ಟುಡಿಯೋದ ಸಂಗೀತ ವಿಭಾಗದ ಮುಖ್ಯಸ್ಥ ಲಿಯೋ ಫೋರ್ಬ್‌ಸ್ಟೈನ್ ಬಿಡಲಿಲ್ಲ. ಅಷ್ಟರಲ್ಲಿ ಆಸ್ಟ್ರಿಯಾದಿಂದ ಸುದ್ದಿ ಕೆಟ್ಟದಾಗಿ ಬರತೊಡಗಿತ್ತು. ಸರಿ, ವಾರವಾರದ ಲೆಕ್ಕದಲ್ಲಿ ಮಾಡುತ್ತೇನೆ, ಬೇಡ ಅನಿಸಿದರೆ ಬಿಟ್ಟುಹೋಗುತ್ತೇನೆ ಅಂತ ಒಪ್ಪಿದ. ಮಾರ್ಚಿನಲ್ಲಿ ಹಿಟ್ಲರ್ ಆಸ್ಟ್ರಿಯಾವನ್ನು ನುಂಗಿದ. ಕಾರ್ನ್‌ಗೋಲ್ಡ್ ಯಹೂದಿ. ಅಲ್ಲೇ ಉಳಿದಿದ್ದರೆ ಏನಾಗುತ್ತಿತ್ತು ಅಂತ ಬಿಡಿಸಿ ಹೇಳಬೇಕಿಲ್ಲ, ಈ ಸಿನಿಮಾವೇ ನನ್ನ ಜೀವ ಉಳಿಸಿತು ಅಂತ ಆಮೇಲೆ ಅವನೇ ಹೇಳುತ್ತಿದ್ದ. ಬೇಡ ಅಂದ ಕೆಲಸಕ್ಕೆ ಆಸ್ಕರ್ರೂ ಬಂತು.

ಈ ಚೀಟಿ ಬಂದವರಿಗೆ ಒಂದೇ ಕೆಲಸ ಹೇಳಿ. ಶುರುವಿನಲ್ಲಿ ರಾಬಿನ್ ಜಿಂಕೆಯನ್ನು ಹೆಗಲ ಮೇಲೆ ಹೊತ್ತು ರಾಜನ ತಮ್ಮ ಜಾನ್‌ನ ಔತಣಕ್ಕೆ ನುಗ್ಗುತ್ತಾನೆ, ಅದನ್ನು ತಂದು ಮೇಜಿನ ಮೇಲೆ ಧೊಪ್ಪನೆ ಹಾಕುತ್ತಾನೆ. ಅಲ್ಲಿಂದ ಅವನು ತಪ್ಪಿಸಿಕೊಂಡು ಹೋಗುವ ತನಕ ಕಣ್ಣು ಮುಚ್ಚಿ ಕೂತುಕೊಳ್ಳಲಿ. ಸಂಗೀತ ಎಲ್ಲಿ ನಿಲ್ಲುತ್ತೆ, ಎಲ್ಲಿ ಮತ್ತೆ ಏಳುತ್ತೆ ಅನ್ನುವುದಷ್ಟರಲ್ಲೇ ಕಥೆ ಎಲ್ಲಿದೆ ಅಂತ ಹೇಳಬಹುದು. ನಮ್ಮಲ್ಲಿ ವೀಣೆ ನುಡಿಸುವ ಹಿರಿಯರೊಬ್ಬರು ರಾಬಿನ್ ಪಡೆಯ ಧಾಟಿ, ಮೇರಿಯನ್ ಜೊತೆಗಿನ ಪ್ರೇಮದ ಧಾಟಿ ಬೇರೆ ಬೇರೆ ಹಿಡಿದು ಅಲ್ಲೇ ಗುನುಗಿ ತೋರಿಸಿದರು. ಇಷ್ಟು ದೊಡ್ಡ ವಾದ್ಯಮೇಳಕ್ಕೆ ಹಂಚಿ ಬರೆಯುವುದರಲ್ಲಿ ಹ್ಯೂಗೋ ಫ್ರೀಡ್‌ಹೋಫರ್ ಕೈ ಇದೆ, ಅವನಿಗೂ ಒಂದು ಸಣ್ಣ ಚೀಟಿ ಇರಲಿ. ನಿಜ ಹೇಳಬೇಕು ಅಂದರೆ ಕಿಟಕಿ ಬಳಿಯ ಪ್ರೇಮದ ಮಾತುಕತೆ ಸ್ವಲ್ಪ ಎಳೆದ ಹಾಗಿದೆ. ಅದನ್ನು ದಾಟಿಸುವುದು ಪಿಟೀಲುಗಳೇ.

ಇನ್ನು ನಟರು

ನಟರ ಚೀಟಿ ಎಲ್ಲರಿಗೂ ಬೇಕು, ಆದರೆ ಹೇಳುವುದಕ್ಕೆ ಸಿಗುವುದು ಕಮ್ಮಿ. ಅದಕ್ಕೇ ಚೀಟಿಯ ಹಿಂದುಗಡೆ ಒಂದೆರಡು ವಿಷಯ ಬರೆದುಕೊಡಿ. ಫ್ಲಿನ್ ಆಸ್ಟ್ರೇಲಿಯಾದ ಟಾಸ್ಮೇನಿಯಾದವನು. ಈ ಪಾತ್ರ ಮೊದಲು ಜೇಮ್ಸ್ ಕ್ಯಾಗ್ನಿಗೆ ಅಂತ ಇತ್ತು, ಅವನು ಸ್ಟುಡಿಯೋ ಜೊತೆ ಕಾಂಟ್ರಾಕ್ಟ್ ಜಗಳ ಮಾಡಿ ಹೊರನಡೆದ. ಗೂಂಡಾ ಪಾತ್ರಗಳ ಕ್ಯಾಗ್ನಿ ಹಸಿರು ಬಿಗಿ ಚಲ್ಲಣದಲ್ಲಿ! ಒಳ್ಳೇದೇ ಆಯಿತು ಬಿಡಿ. ಮೇರಿಯನ್ ಆಗಿರುವ ಒಲಿವಿಯಾ ಡಿ ಹ್ಯಾವಿಲೆಂಡ್‌ಗೆ ಆಗ 21. ಫ್ಲಿನ್ ಜೊತೆ ಒಟ್ಟು 8 ಸಿನಿಮಾ ಮಾಡಿದರು, ಇದು ಮೂರನೆಯದು. ಇದೇ ಸ್ಟುಡಿಯೋ ಮೇಲೆ ಕೇಸು ಹಾಕಿ, ಏಳು ವರ್ಷಕ್ಕಿಂತ ಹೆಚ್ಚು ಕಾಲ ನಟರನ್ನು ಕಾಂಟ್ರಾಕ್ಟಿನಲ್ಲಿ ಕಟ್ಟಿಹಾಕುವ ಹಾಗಿಲ್ಲ ಅಂತ 1944ರಲ್ಲಿ ಗೆದ್ದರು. ಆ ತೀರ್ಪು ಅವರ ಹೆಸರಲ್ಲೇ ಇದೆ. 2020ರಲ್ಲಿ ತೀರಿಕೊಂಡಾಗ 104 ವರ್ಷ.

ಲಿಟಲ್ ಜಾನ್ ಮಾಡಿದ ಅಲನ್ ಹೇಲ್ ಚೀಟಿ ನನಗೆ ತುಂಬಾ ಇಷ್ಟ. 1922ರ ಮೂಕಿ ಚಿತ್ರದಲ್ಲೂ ಲಿಟಲ್ ಜಾನ್ ಅವನೇ, ಇದರಲ್ಲೂ ಅವನೇ, 1950ರಲ್ಲಿ ಬಂದ ಇನ್ನೊಂದರಲ್ಲೂ ಅವನೇ. ರಾಬಿನ್‌ಗಳು ಬದಲಾದರು, ಲಿಟಲ್ ಜಾನ್ ಬದಲಾಗಲಿಲ್ಲ. ಮೇರಿಯನ್ ಕುದುರೆಗೂ ಚೀಟಿ ಇದೆ. ಅದರ ಹೆಸರು ಗೋಲ್ಡನ್ ಕ್ಲೌಡ್. ಆಮೇಲೆ ಕೌಬಾಯ್ ನಟ ರಾಯ್ ರೋಜರ್ಸ್ ಹತ್ತಿರ ಹೋಗಿ ಟ್ರಿಗರ್ ಅಂತ ಹೆಸರಾಯಿತು, ಮನುಷ್ಯರಿಗಿಂತ ಜಾಸ್ತಿ ಪ್ರಸಿದ್ಧಿ. ಈ ಚೀಟಿ ಮಕ್ಕಳಿಗೆ ಎತ್ತಿಡಿ.

ಮುಗಿದ ಮೇಲೆ ಚೀಟಿ ಎಸೆಯಬೇಡಿ, ಹೆಸರುಗಳು ಬೇರೆ ಕಡೆ ಮತ್ತೆ ಸಿಗುತ್ತವೆ. ಕರ್ಟಿಜ್, ವಾಲಿಸ್, ಸೆಟ್ಟಿನ ವೇಲ್, ರಾಜನ ತಮ್ಮ ಜಾನ್ ಪಾತ್ರದ ಕ್ಲಾಡ್ ರೇನ್ಸ್, ಈ ನಾಲ್ಕೂ ಜನ 1942ರ ಕಾಸಾಬ್ಲಾಂಕಾದಲ್ಲಿ ಮತ್ತೆ ಒಟ್ಟಿಗೆ ಇದ್ದಾರೆ. ಅದನ್ನು ಮುಂದಿನ ತಿಂಗಳಿಗೆ ಇಟ್ಟುಕೊಳ್ಳಬಹುದು.

ಆದರೆ ನಮ್ಮ ಕಡೆಯವರಿಗೆ ನಾನು ಅದಕ್ಕೂ ಮೊದಲು ಹೇಳುವುದು 1960ರ ರಣಧೀರ ಕಂಠೀರವ. ಶ್ರೀರಂಗಪಟ್ಟಣದಲ್ಲಿ 1638ರಿಂದ 1659ರವರೆಗೆ ಆಳಿದ ಕಂಠೀರವ ನರಸರಾಜ ಒಡೆಯರ ಕಥೆ. ಮಂಡ್ಯದವರು ಬಂದರೆ ಕೋಟೆ ದಾರಿ ಅವರೇ ಹೇಳುತ್ತಾರೆ. ಕತ್ತಿ ಇದೆ, ತಿರುಚಿನಾಪಳ್ಳಿಯ ಜಟ್ಟಿ ಜೊತೆ ಕುಸ್ತಿ ಇದೆ. 20 ಲಕ್ಷ ಡಾಲರ್ ಸುರಿದ ರಾಬಿನ್ ಹುಡ್ ಮುಂದೆ ಸೆಟ್ಟು, ಬೆಳಕು ಬಡವಾಗಿ ಕಾಣುತ್ತೆ, ಅದನ್ನು ಮುಚ್ಚಿಡುವುದೇನೂ ಬೇಡ. ನಿರ್ದೇಶನ ಎನ್.ಸಿ. ರಾಜನ್, ಸಂಗೀತ ಜಿ.ಕೆ. ವೆಂಕಟೇಶ್. ಚೀಟಿ ಬರೆಯುವಾಗ ಮಾತ್ರ ಜಾಗ್ರತೆ, ಇಲ್ಲಿ ಒಂದು ಹೆಸರಿಗೆ ಒಂದು ಚೀಟಿ ಸಾಲಲ್ಲ. ಕಲಾವಿದರೇ ಸಂಘ ಕಟ್ಟಿಕೊಂಡು ತೆಗೆದ ಸಿನಿಮಾ ಇದು. ಹಾಗಾಗಿ ರಾಜ್‌ಕುಮಾರ್, ಬಾಲಕೃಷ್ಣ, ನರಸಿಂಹರಾಜು ಮೂವರಿಗೂ ನಟನ ಚೀಟಿ ಒಂದು, ನಿರ್ಮಾಪಕನ ಚೀಟಿ ಇನ್ನೊಂದು. ಜಿ.ವಿ. ಅಯ್ಯರ್‌ಗೆ ಬರವಣಿಗೆಗೆ ಬೇರೆ, ನಿರ್ಮಾಣಕ್ಕೆ ಬೇರೆ. ಡಬ್ಬ ಸ್ವಲ್ಪ ದೊಡ್ಡದೇ ಇಟ್ಟುಕೊಳ್ಳಿ.